ಯಾರ ಕಡೆ ಲಾಯರಮ್ಮ

ಹಾಲೇಶನ ಮನೆಯಲ್ಲಿ ಎರಡನೇ ರೊಟ್ಟಿ ಹಾಕಿಸಿಕೊಳ್ಳುವ ಹೊತ್ತಿಗೇ ನಿಕಿತಾಳ ಕಡೆಯಿಂದ ತಪ್ಪು ಆಗಿಹೋಗಿತ್ತು. ಅವಳಿಗೆ ಗೊತ್ತಾದದ್ದು ಮಾತ್ರ ಕೈ ತೊಳೆಯುವಾಗ.

ಮೊದಲಿಂದ ಹೇಳಬೇಕು. ನಿಕಿತಾ ಸೂರತ್ತಿನ ಪಕ್ಕದ ಹಜೀರಾದ ಒಂದು ಗ್ಯಾಸ್ ಕಂಪನಿಯಲ್ಲಿ ಲೀಗಲ್ ಮ್ಯಾನೇಜರ್. ಕಂಪನಿಯ ಹೆಸರು ಬೇಡ. ಹೇಳಿದರೆ ನಮಗೆ ನೋಟಿಸು ಬರೆಯುವ ಕೆಲಸ ಪಾಪ ಅವಳ ತಲೆಗೇ ಬರುತ್ತದೆ. ಹಡಗಿನಲ್ಲಿ ಬಂದ ದ್ರವರೂಪದ ಗ್ಯಾಸನ್ನು ಇಳಿಸಿಕೊಂಡು, ಬಿಸಿಮಾಡಿ, ಪೈಪಿನಲ್ಲಿ ಗುಜರಾತಿನ ಕಾರ್ಖಾನೆಗಳಿಗೆ ಕಳಿಸುವ ಕಂಪನಿ ಅದು. ಗ್ಯಾಸು ಹೋದಲ್ಲೆಲ್ಲ ಅದರ ಬೆನ್ನಿಗೆ ಕಾಗದವೂ ಹೋಗುತ್ತದೆ. ಹೊಲದ ನಡುವೆ ಪೈಪು ಹಾಯಿಸಿದರೆ ರೈತನ ತಕರಾರು, ಹಡಗು ತಡವಾದರೆ ಮಾರಿದವನ ತಕರಾರು, ಒತ್ತಡ ಇಳಿದರೆ ಕೊಂಡವನ ತಕರಾರು. ಅದನ್ನೆಲ್ಲ ಕೋರ್ಟಿಗೆ ಹೋಗದಂತೆ ಬಗೆಹರಿಸುವುದು ಅವಳ ಕೆಲಸ.

ಓದಿದ್ದು ವಡೋದರಾದಲ್ಲಿ, ಫತೇಗಂಜಿನ ಪಿ.ಜಿ.ಯಲ್ಲಿದ್ದುಕೊಂಡು, ರಾತ್ರಿ ಊಟದ ಬದಲು ಸೇವ್ ಉಸಳ್ ತಿಂದುಕೊಂಡು. ಆಮೇಲೆ ಅಹಮದಾಬಾದಿನ ಹೈಕೋರ್ಟಿನಲ್ಲಿ ಒಬ್ಬ ಸೀನಿಯರ್ ಹಿಂದೆ ಫೈಲು ಹೊತ್ತು ತಿರುಗಿದಳು. ಕಂಪನಿಗೆ ಸೇರುವಾಗ ನಿಯಮದಂತೆ ವಕೀಲಿಯ ಪರವಾನಗಿಯಾದ ತನ್ನ ಸನದನ್ನು ಬಾರ್ ಕೌನ್ಸಿಲ್ಲಿನಲ್ಲಿ ಅಮಾನತಿಗೆ ಕೊಟ್ಟು ಬರಬೇಕಾಯಿತು, ಏಕೆಂದರೆ ಸಂಬಳಕ್ಕಿರುವ ವಕೀಲರು ಕೋರ್ಟಿನಲ್ಲಿ ನಿಂತು ವಾದಿಸುವಂತಿಲ್ಲ. ಆವತ್ತು ಅಪ್ಪ ಹಯವದನ ಅವಳನ್ನು ಬಿಟ್ಟಾರೆಯೇ? ಅವರು ಮೈಸೂರಿನಿಂದ ಬಂದು ಅಹಮದಾಬಾದಿನ ಚಾಂದ್‌ಖೇಡಾದ ಸರ್ಕಾರಿ ತೈಲ ಕಂಪನಿಯಲ್ಲಿ ಜೀವ ಸವೆಸಿ, ನಿವೃತ್ತರಾಗಿ, ಅಲ್ಲೇ ಫ್ಲ್ಯಾಟು ಕೊಂಡು ಕೂತವರು. "ಕಂಪನೀಲಿ ಲಾಯರ್ ಅಂದ್ರೆ ಕರಿಬೇವಿನ ಸೊಪ್ಪು ಕಣಮ್ಮ. ಒಗ್ಗರಣೆಗೆ ಬೇಕೇ ಬೇಕು. ಊಟಕ್ಕೆ ಕೂತಾಗ ಮಾತ್ರ ಎತ್ತಿ ತಟ್ಟೆ ಪಕ್ಕಕ್ಕೆ ಇಡ್ತಾರೆ," ಎಂದಿದ್ದರು. ಅವಳು ನಕ್ಕಿದ್ದಳು. ಆದರೆ ಪಕ್ಕಕ್ಕೆ ಇಡಿಸಿಕೊಳ್ಳಬಾರದೆಂಬ ಹಟ ಅಂದಿನಿಂದಲೇ ಶುರುವಾಗಿತ್ತು.

ಹಾಲೇಶ ಅದೇ ಕಂಪನಿಯ ಕಂಟ್ರೋಲ್ ರೂಮಿನ ಶಿಫ್ಟ್ ಇನ್‌ಚಾರ್ಜ್. ಹರಿಹರದ ಕಡೆಯವನು, ಹೆಂಡತಿ ಗೌರಮ್ಮ. ಕಂಪನಿಯ ಕಾಲೊನಿಯಲ್ಲಿ ಕನ್ನಡ ಮಾತಾಡುವ ಮನೆ ಅದೊಂದೇ. ನಿಕಿತಾ ಸೇರಿದ ಮೊದಲ ವಾರವೇ ಗೌರಮ್ಮ ಅವಳನ್ನು ಕ್ಯಾಂಟೀನಿನಿಂದ ಕೈ ಹಿಡಿದು ಎಬ್ಬಿಸಿಕೊಂಡು ಹೋಗಿದ್ದಳು. ಅಂದಿನಿಂದ ಭಾನುವಾರದ ಊಟ ಅಲ್ಲೇ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸಂಜೆಗೆ ಸೂರತ್ತಿನ ಮಮ್ರಾದಲ್ಲೇ ಹರಿಹರದ ಮಂಡಕ್ಕಿ. ನಿಕಿತಾಳದು ಮನೆಯೊಳಗೆ ಕಲಿತ ಕನ್ನಡ. ಇನ್ನಷ್ಟು ಚಟ್ನಿ ಕೇಳುವುದಕ್ಕೆ ಸಾಕು, ಕಾನೂನು ಹೇಳುವುದಕ್ಕೆ ಸಾಲದು.

ಹೀಗಿರುವಾಗ ಪ್ಲಾಂಟಿನಲ್ಲಿ ಅವಘಡವಾಯಿತು. ಒಂದು ಮಧ್ಯಾಹ್ನ ಮೀಟರುಗಳಿರುವ ಜಾಗದಲ್ಲಿ ಗ್ಯಾಸು ಸೋರಿ, ಭಗ್ಗೆಂದು ಹತ್ತಿಕೊಂಡು, ಅಲ್ಲಿ ಬೋಲ್ಟು ಬಿಗಿಯುತ್ತಿದ್ದ ಗುತ್ತಿಗೆ ಕೆಲಸಗಾರನ ಎರಡೂ ಕೈ ಸುಟ್ಟವು. ಕಂಪನಿಯ ಕಾಗದಗಳಲ್ಲಿ ಅವನು ಬರೀ 'ಗಾಯಾಳು'. ಅವನಿಗೂ ಒಂದು ಹೆಸರಿತ್ತು, ಭುವನ್. ಒಡಿಶಾದ ಹುಡುಗ, ಸೂರತ್ತಿನ ಆಸ್ಪತ್ರೆಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದ. ಗ್ಯಾಸು ಸೋರಿದರೆ ಅಲಾರಾಂ ಹೊಡೆದು ಪ್ಲಾಂಟು ತಾನಾಗಿ ನಿಲ್ಲಬೇಕು. ಆವತ್ತು ನಿಂತಿರಲಿಲ್ಲ. ಯಾಕೆ ನಿಲ್ಲಲಿಲ್ಲ ಎಂದು ಕಂಪನಿ ಒಂದು ವಿಚಾರಣಾ ಸಮಿತಿ ಮಾಡಿತು. ಹೊರಗಿನವರೂ ಇರಲಿ ಎಂದು ಒಬ್ಬ ನಿವೃತ್ತ ಫ್ಯಾಕ್ಟರಿ ಇನ್‌ಸ್ಪೆಕ್ಟರನ್ನು ಸೇರಿಸಿಕೊಂಡಿತು. ಶುಕ್ರವಾರ ಸಮಿತಿ ಕೂರುವುದು. ಅದಕ್ಕೆ ಮುಂಚೆ ಎಲ್ಲರನ್ನೂ ಮಾತಾಡಿಸಿ ವರದಿ ಕೊಡುವುದು ನಿಕಿತಾಳ ಪಾಲಿಗೆ ಬಂತು.

ಕಂಪನಿಯ ವಕೀಲರು ನೌಕರನೊಬ್ಬನನ್ನು ಹೀಗೆ ಮಾತಾಡಿಸುವ ಮುಂಚೆ ಒಂದು ಮಾತು ಹೇಳಲೇಬೇಕು: ನಾನು ಕಂಪನಿಯ ವಕೀಲೆ, ನಿನ್ನ ವಕೀಲೆ ಅಲ್ಲ, ನೀನು ನನಗೆ ಹೇಳಿದ್ದನ್ನು ಕಂಪನಿ ನಿನ್ನ ವಿರುದ್ಧವೇ ಬಳಸಬಹುದು ಎಂದು. ಅಹಮದಾಬಾದಿನ ಹೆಡ್ ಆಫೀಸಿನಲ್ಲಿ ಕೂರುವ ಅವಳ ಮೇಲಧಿಕಾರಿ ಯಶವಂತ್‌ಭಾಯಿ ಮೊದಲ ದಿನವೇ ಇದನ್ನು ಕಲಿಸಿದ್ದರು. ನಿಕಿತಾ ಹತ್ತಾರು ಜನರಿಗೆ ಅದನ್ನು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಗಿಳಿಪಾಠದಂತೆ ಒಪ್ಪಿಸಿದ್ದಳು. ಹಾಲೇಶ ಮಾತ್ರ ಆಫೀಸಿಗೆ ಬರಲಿಲ್ಲ. "ಭಾನುವಾರ ಮನೀಗೇ ಬಾರವ್ವಾ, ಉಂಡು ಮಾತಾಡಣಂತೆ," ಎಂದ. ಇವಳೂ ಹೋದಳು.

ಉಣ್ಣುತ್ತಾ ಉಣ್ಣುತ್ತಾ ಅವನು ಎಲ್ಲ ಹೇಳಿಬಿಟ್ಟ.

"ಆ ಅಲಾರಾಂ ವಾರದಿಂದ ಸುಮ್‌ಸುಮ್ನೆ ಹೊಡ್ಕಂತಿತ್ತವ್ವಾ. ರಿಪೇರಿ ಮಾಡ್ಸಿ ಅಂತ ಹೇಳಿ ಸಾಕಾಗಿತ್ತು. ಅವತ್ತೂ ಹೊಡ್ಕಂತು. ಹಡಗು ನಿಂತೈತಿ, ಮಾಲು ಇಳೀತೈತಿ. ಕಿರಣ್ ಸಾಹೇಬ್ರು ಫೋನ್ ಮಾಡಿ, ಬೈಪಾಸ್ ಹಾಕು, ಪ್ಲಾಂಟ್ ನಿಲ್ಲಬಾರ್ದು ಅಂದ್ರು. ಹಾಕ್ದೆ. ನನ್ನ ಕೈಯಾರೆ ಹಾಕ್ದೆ. ಈ ಸಲ ಗ್ಯಾಸು ಖರೇನೇ ಸೋರಿತ್ತು. ಆ ಹುಡುಗನ ಕೈ ಹೋದ್ವು."

ಕಿರಣ್ ಎಂದರೆ ಪ್ಲಾಂಟಿನ ಮುಖ್ಯಸ್ಥ. ಬೈಪಾಸ್ ಎಂದರೆ ಅಲಾರಾಂ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಅದು ಹೊಡೆದುಕೊಂಡರೂ ಪ್ಲಾಂಟು ನಡೆಯುತ್ತಲೇ ಇರುತ್ತದೆ. ಗೌರಮ್ಮ ಇನ್ನೊಂದು ರೊಟ್ಟಿ ಹಾಕಿದಳು. ನಿಕಿತಾ ಬೇಡವೆನ್ನಲಿಲ್ಲ. ಕೈ ತೊಳೆಯಲು ನಲ್ಲಿಯ ಮುಂದೆ ನಿಂತಾಗ ಆ ಮಾತು ನೆನಪಾಯಿತು, ಹೇಳಬೇಕಾಗಿದ್ದ ಆ ಒಂದು ಮಾತು. ನೀರು ಹರಿಯುತ್ತಲೇ ಇತ್ತು, ಅವಳು ನಲ್ಲಿ ನಿಲ್ಲಿಸುವುದನ್ನೂ ಮರೆತಳು.

ಆಗಲೇ ತಿರುಗಿ ಬಂದು ಹೇಳಬಹುದಿತ್ತಲ್ಲ? ಹೇಳಬಹುದಿತ್ತು. ಆದರೆ ಉಂಡ ಬಾಯಿ ಒರೆಸಿಕೊಂಡು, 'ಅಣ್ಣಾ, ಈಗ ಹೇಳಿದ್ದರಲ್ಲೇ ನಿಮ್ಮನ್ನು ಹಿಡಿದುಹಾಕಬಹುದು' ಎನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಅಮ್ಮ ನಳಿನಿ ಚಿಕ್ಕಂದಿನಿಂದ ಹೇಳುತ್ತ ಬಂದಿದ್ದಳು. ಇವಳು ಎಣಿಸಿದ್ದಷ್ಟೇ ಅಲ್ಲ, ಇನ್ನು ಅದನ್ನು ಬರೆದುಕೊಡಬೇಕು. ಬರೆಯದಿದ್ದರೆ ಕೆಲಸಕ್ಕೆ ದ್ರೋಹ, ಬರೆದರೆ ಹಾಲೇಶನಿಗೆ. ಸೋಮವಾರ ಇಡೀ ದಿನ ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು ಮಾಡಿದಳು. ಕೊನೆಗೆ ಬರೆದಳು. ಬೈಪಾಸ್ ಹಾಕಿದ್ದು ಹಾಲೇಶ, ಹಾಕಿಸಿದ್ದು ಕಿರಣ್‌ಭಾಯಿಯ ಫೋನು, ಎರಡನ್ನೂ, ಅವನ ಮನೆಯ ಊಟದಲ್ಲಿ ಕೇಳಿದ್ದೆಂದೂ ಬರೆದಳು. ಎಚ್ಚರಿಕೆ ಹೇಳಿರಲಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ. ಯಶವಂತ್‌ಭಾಯಿಗೆ ಕಳಿಸಿದಳು. ಬುಧವಾರ ಅಹಮದಾಬಾದಿಗೆ ಬಾ ಎಂದು ಕರೆ ಬಂತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವಳು. ಯಶವಂತ್‌ಭಾಯಿಯ ಕ್ಯಾಬಿನ್ನಿನಲ್ಲಿ ಕುರ್ಚಿಯ ತುದಿಗೆ ಕೂತಳು. ಅವರು ಚಹಾ ತರಿಸಿದರು, ಗರಿಗರಿ ಖಾಖ್ರಾದ ಡಬ್ಬಿಯನ್ನು ಅವಳ ಕಡೆಗೆ ತಳ್ಳಿದರು.

"ಬಹು ಸರಸ್!" ಎಂದರು. ಬಹಳ ಚೆನ್ನಾಗಿದೆ ಎಂದು ಗುಜರಾತಿಯಲ್ಲಿ ಹೊಗಳಿ, ಮಿಕ್ಕಿದ್ದನ್ನು ಹಿಂದಿಯಲ್ಲಿ ಹೇಳಿದರು. ಸೇಫ್ಟಿ ವಿಭಾಗದವರು ಎರಡು ವಾರ ತಿಣುಕಿದರೂ ಬಾಯಿಬಿಡದವನನ್ನು ನೀನು ಒಂದೇ ಊಟದಲ್ಲಿ ಬಿಡಿಸಿದೆ. ಅವನ ಭಾಷೆಯಲ್ಲೇ, ಅವನ ಮನೆಯಲ್ಲೇ ಮಾತಾಡಿಸುವ ಉಪಾಯ ನನಗೂ ಹೊಳೆಯುತ್ತಿರಲಿಲ್ಲ. ಇದನ್ನು ಯಾವ ಲಾ ಕಾಲೇಜೂ ಕಲಿಸುವುದಿಲ್ಲ.

"ಸರ್, ಅದು ಉಪಾಯ ಅಲ್ಲ," ಎಂದಳು ನಿಕಿತಾ. "ಮತ್ತೆ ಆ ಎಚ್ಚರಿಕೆ ಮಾತು..."

"ಅದನ್ನು ನಾನು ಕೇಳುತ್ತಿಲ್ಲ, ಬೇಟಾ," ಎಂದು ಅವರು ಕೈ ಎತ್ತಿದರು. ಅಲ್ಲಿಗೆ ಅದು ಮುಗಿಯಿತು. ಅವಳ ತಪ್ಪು ಅಲ್ಲಿ, ಆ ಮೇಜಿನ ಮೇಲೆ, ಅವಳ ಜಾಣತನವಾಗಿ ಬದಲಾಯಿತು. ಆಮೇಲೆ ಅವರು ಲೀಗಲ್ಲಿನ ಡೆಪ್ಯುಟಿ ಹೆಡ್ ಹುದ್ದೆಯ ಮಾತೆತ್ತಿದರು. ಅಹಮದಾಬಾದ್, ಚಾಂದ್‌ಖೇಡಾದಿಂದ ಅರ್ಧ ಗಂಟೆ. ಮುಂದಿನ ತಿಂಗಳಿಂದಲೇ. ಹೆಸರು ಆಗಲೇ ಮೇಲಕ್ಕೆ ಹೋಗಿದೆ.

"ಒಂದೇ ಸಣ್ಣ ತಿದ್ದುಪಡಿ. ಕಿರಣ್ ಫೋನ್ ಮಾಡಿದ ಅನ್ನುವುದಕ್ಕೆ ಇವನ ಮಾತು ಬಿಟ್ಟರೆ ಆಧಾರ ಏನಿದೆ? ವರದಿಯಲ್ಲಿ ಗಾಳಿಮಾತು ಇರಬಾರದು. ಆ ಪ್ಯಾರಾ ತೆಗೆದು ಸಮಿತಿಗೆ ಕಳಿಸು."

ಅವಳು ಅಲ್ಲೇ ಲ್ಯಾಪ್‌ಟಾಪ್ ತೆಗೆದಳು. ಅವಳ ತಲೆ ತುಂಬ ಆ ನಲ್ಲಿ, ಆ ನೀರು, ಹೇಳದೆ ಬಿಟ್ಟ ಮಾತು. ಆಧಾರವಿಲ್ಲದ್ದನ್ನು ಬರೆಯಬಾರದು ಎಂಬುದು ಸರಿಯಾಗಿಯೇ ಕೇಳಿಸಿತು. ಪ್ಯಾರಾ ತೆಗೆದಳು, ಸಮಿತಿಗೆ ಕಳಿಸಿದಳು, ಚಹಾ ಕುಡಿದಳು.

ಆ ಸಂಜೆ ಚಾಂದ್‌ಖೇಡಾದ ಮನೆಯಲ್ಲಿ ಹಬ್ಬವೇ ಹಬ್ಬ. ನಳಿನಿ ಮಗಳ ಕೋಣೆಯ ಕಪಾಟು ಖಾಲಿ ಮಾಡಲು ಶುರುಮಾಡಿದಳು. "ಇನ್ನು ಆ ಹಜೀರಾ ಹೊಗೆ ಕುಡಿಯೋದು ತಪ್ತು ನೋಡು," ಎಂದು ಮೂರು ಸಲ ಹೇಳಿದಳು. ಹಯವದನರು ಮಗಳ ಮುಖ ನೋಡುತ್ತಿದ್ದರು. ಅವಳು ಚಪಾತಿ ಮುರಿದು ಮುರಿದು ತಟ್ಟೆಯಲ್ಲೇ ಗುಡ್ಡೆ ಹಾಕಿದ್ದಳು.

"ಅಪ್ಪಾ, ಒಬ್ರು ನಮ್ಮನ್ನ ಟ್ರಸ್ಟ್ ಮಾಡಿ ಏನೋ ಹೇಳ್ತಾರೆ. ನಾವು ಅದನ್ನ ಆಫೀಸಿಗೆ ಹೇಳ್ಬಿಟ್ರೆ? ಅವ್ರ ಕೆಲ್ಸ ಹೋದ್ರೆ?"

"ಏನಂತ ನಂಬಿ ಹೇಳಿದ್ರು ಅಂತ ಅವರನ್ನ ಕೇಳಿದ್ಯಾ?"

"ಇಲ್ಲ."

"ಕೇಳಮ್ಮ. ಅವರ ಪರವಾಗಿ ನೀನೇ ಅಂದ್ಕೊಂಡು ಕೂತ್ರೆ ಹೇಗೆ?"

ಗುರುವಾರದ ರೈಲಿನಲ್ಲಿ ಸೂರತ್ತಿಗೆ ಹೊರಟಾಗ ಅವಳು ನಿರ್ಧಾರವನ್ನೇನೋ ಮಾಡಿದ್ದಳು. ಸೀದಾ ಹಾಲೇಶನ ಮನೆಗೆ ಹೋಗುವುದು, ತಡವಾದರೂ ಆ ಮಾತು ಹೇಳುವುದು, ಶುಕ್ರವಾರ ಸಮಿತಿಯ ಮುಂದೆ ನಿಲ್ಲುವ ಮುಂಚೆ ನಿಮ್ಮದೇ ವಕೀಲರನ್ನು ಹುಡುಕಿಕೊಳ್ಳಿ ಎನ್ನುವುದು. ಯಶವಂತ್‌ಭಾಯಿಗೆ ಗೊತ್ತಾದರೆ? ಕಂಪನಿಯ ವರದಿಯ ಸುದ್ದಿಯನ್ನು ಆರೋಪಿಗೇ ಮುಟ್ಟಿಸಿದಳು ಎಂದರೆ? ವಡೋದರಾದಲ್ಲಿ ರೈಲು ನಿಂತಿತು. ಇಲ್ಲೇ ಇಳಿದು ಫತೇಗಂಜಿಗೆ ಹೋಗಿ, ಹಳೆಯ ಪಿ.ಜಿ.ಯಲ್ಲಿ ಮುಸುಕು ಹಾಕಿಕೊಂಡು ಮಲಗಿಬಿಡಲೇ ಎನಿಸಿತು. ಬ್ಯಾಗನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡದ್ದೂ ಆಯಿತು. ರೈಲು ಹೊರಟಿತು. ಪಕ್ಕದ ಸೀಟಿನ ಅಜ್ಜಿ ಥೇಪ್ಲಾ ಕೊಡಲು ಬಂದರೆ, ಇವಳು ಹಾವು ಕಂಡವಳಂತೆ ಹಿಂದೆ ಸರಿದಳು. ಯಾರ ಕೈಯ ಊಟವೂ ಬೇಡವಾಗಿತ್ತು ಅವಳಿಗೆ.

ಕಾಲೊನಿ ತಲುಪಿದಾಗ ಇನ್ನೂ ಬಿಸಿಲಿತ್ತು. ಗೌರಮ್ಮ ಬಾಗಿಲು ತೆಗೆದು, "ಇವತ್ತ್ ಗುರುವಾರಲ್ಲೇನವ್ವಾ? ಏನಿದು ಬ್ಯಾಗು ಸಮೇತ?" ಎಂದಳು. ಹಾಲೇಶ ಮಂಚದ ಮೇಲೆ ಕೂತಿದ್ದ. ಅವನನ್ನು ಕೆಲಸಕ್ಕೆ ಬರಬೇಡವೆಂದು ಮನೆಯಲ್ಲಿ ಕೂರಿಸಿ ಆಗಲೇ ಎರಡು ವಾರವಾಗಿತ್ತು.

ನಿಕಿತಾ ಕೂರಲಿಲ್ಲ. ನಿಂತಲ್ಲೇ, ರೈಲಿನಲ್ಲಿ ಉರುಹಚ್ಚಿದ್ದನ್ನು ಒದರಿಬಿಟ್ಟಳು.

"ಅಣ್ಣಾ, ಭಾನುವಾರ ನಾನು ಒಂದು ಮಾತು ಹೇಳ್ಬೇಕಿತ್ತು, ಹೇಳ್ಲಿಲ್ಲ. ನಾನು ಕಂಪನಿ ಲಾಯರ್. ನಿಮ್ಮ ಲಾಯರ್ ಅಲ್ಲ. ನೀವು ಹೇಳಿದ್ದು ಕಂಪನಿಗೆ ಹೋಗತ್ತೆ. ಹೋಗಿಯೂ ಆಯ್ತು. ಅದ್ರಿಂದ ನಿಮ್ಗೇ ಪ್ರಾಬ್ಲಂ ಆಗ್ಬಹುದು. ನೀವು ಬೇರೆ ಲಾಯರ್ ನೋಡ್ಕೊಳ್ಳಿ ಅಣ್ಣಾ. ನನ್ನಿಂದ ತಪ್ಪಾಯ್ತು. ನಿಮ್ಮನೆ ಊಟ ಮಾಡಿ..." ಅಲ್ಲಿಗೆ ಕನ್ನಡ ಮುಗಿಯಿತು.

ಹಾಲೇಶ ಅವಳನ್ನೇ ನೋಡಿ, ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಇದನ್ನ ಹೇಳಾಕ ಟೇಶನ್ನಿಂದ ಸೀದಾ ಬಂದ್ಯೇನವ್ವಾ? ನೀ ಕಂಪನಿ ಲಾಯರ್ರು ಅಂತ ನಂಗ್ ಗೊತ್ತಿಲ್ಲೇನು? ನಿನ್ನ ಪಗಾರ ನಾ ಕೊಡ್ತೀನೇನು? ಕಂಪನಿಗೆ ಹೋಗ್ಲಿ ಅಂತ್ಲೇ ನಿನ್ನ ಮುಂದ ಹೇಳಿದ್ದು."

"ಮತ್ತೆ ಸೇಫ್ಟಿಯವ್ರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಾಕ ಶುರು ಮಾಡಿದ್ದೆ. ಬೈಪಾಸ್ ಹಾಕಿದ್ದನ್ನ ಬರ್ಕಂತೀವಿ, ಫೋನಿನ ಸುದ್ದಿ ಬ್ಯಾಡ ಅಂದ್ರು. ಹಂಗಾರ ಯಾವ್ದೂ ಹೇಳಂಗಿಲ್ಲ ಅಂತ ಬಾಯಿ ಮುಚ್ಕಂಡೆ. ಹಾಕಿದ್ದು ನಾನೇ, ಇಲ್ಲ ಅನ್ನಂಗಿಲ್ಲ, ಶಿಕ್ಷೆ ಕೊಟ್ರ ತಗಂತೀನಿ. ಆದ್ರ ಪೂರಾ ಬರ್ಕಳ್ಳೋರು ಒಬ್ರಾರ ಬೇಕಲ್ಲ."

"ಆ ಭಾನುವಾರ ನೀ ಹೋದ ಮ್ಯಾಲೆ ಇವ್ರು ಕಣ್ಣಿಗೆ ನಿದ್ದಿ ಹತ್ತಿಸ್ಕಂಡಾರ ನೋಡು," ಎಂದಳು ಗೌರಮ್ಮ. "ನಮ್ಮ ಹುಡುಗಿ ಬರೀತಾಳ, ಬಿಡೋದಿಲ್ಲ ಅಂತ."

ನಿಕಿತಾಳ ಎದೆಯ ಮೇಲಿನ ಕಲ್ಲು ಇಳಿಯಿತು. ನಾಲ್ಕು ದಿನ ಸುಮ್ಮನೆ ಸತ್ತೆನಲ್ಲ ಎಂದುಕೊಂಡು ಅವಳು ಕುರ್ಚಿ ಎಳೆದುಕೊಂಡು ಕೂತಳು. ನಗುವೂ ಬರುವುದರಲ್ಲಿತ್ತು.

"ಕಿರಣ್ ಸಾಹೇಬ್ರ ಫೋನಿನ ವಿಷ್ಯ ಬರ್ದೀ ತಾನೇ?" ಎಂದ ಹಾಲೇಶ.

ಅವನು ಅನುಮಾನದಿಂದ ಕೇಳಿದ್ದಲ್ಲ. ಊಟ ಆಯ್ತೇ ಎಂದು ಕೇಳಿದಷ್ಟು ಸಲೀಸಾಗಿ ಕೇಳಿದ್ದ.

"ಬರ್ದಿದ್ದೆ," ಎಂದಳು ನಿಕಿತಾ.

"ಬರ್ದಿದ್ದೆ ಅಂದ್ರ?"

"ತೆಗ್ದೆ."

ಒಲೆಯ ಮೇಲೆ ಚಹಾ ಉಕ್ಕಿ ಸುರಿಯಿತು. ಗೌರಮ್ಮ ಏಳಲಿಲ್ಲ. ನಾಲ್ಕು ದಿನದಿಂದ ನಿಕಿತಾ ಹೊತ್ತು ತಿರುಗಿದ ಪಾಪ ಅವಳು ಮಾಡಿದ್ದೇ ಅಲ್ಲ. ಮಾಡಿದ್ದನ್ನು ಚಹಾ ಕುಡಿಯುತ್ತಾ ಮಾಡಿ ಮರೆತಿದ್ದಳು. ಅವಳಿಗೆ ತನ್ನ ಬಗ್ಗೆ ಅಸಹ್ಯವಾಯಿತು.

"ಹಂಗಾರ ನಾನೊಬ್ನೇ ಆದ್ನಲ್ಲವ್ವಾ," ಎಂದ ಹಾಲೇಶ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನು ಬೈಯಲಿಲ್ಲ.

ನಿಕಿತಾ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು. "ಅಣ್ಣಾ, ಇನ್ನೊಂದ್ಸಲ ಹೇಳಿ. ಎಲ್ಲಾ ಹೇಳಿ. ನಾನು ಕಂಪನಿ ಲಾಯರ್ ಅನ್ನೋದು ನೆನಪಿಟ್ಕೊಂಡು ಹೇಳಿ."

ಅವನು ಹೇಳಿದ. ಅವಳು ಬರೆದಳು. ಸೇಫ್ಟಿಯವರು ಏನು ಬರೆದುಕೊಳ್ಳಲಿಲ್ಲ ಎಂಬುದನ್ನೂ ಬರೆದಳು. ಹೇಳಿಕೆ ಮೊದಲ ಸಲ ಪಡೆದಾಗ ತಾನು ಎಚ್ಚರಿಕೆ ಕೊಟ್ಟಿರಲಿಲ್ಲ, ಈಗ ಕೊಟ್ಟಿದ್ದೇನೆ ಎಂದೂ ಬರೆದಳು. ಆಧಾರ ಏನಿದೆ ಎಂದು ಕೇಳಿದರಲ್ಲ, ಆಧಾರವನ್ನು ಹುಡುಕಬೇಕಾದದ್ದು ಸಮಿತಿ. ಆ ಮಧ್ಯಾಹ್ನ ಪ್ಲಾಂಟಿನ ಮುಖ್ಯಸ್ಥರ ಫೋನಿನಿಂದ ಕಂಟ್ರೋಲ್ ರೂಮಿಗೆ ಹೋದ ಕರೆಗಳ ವಿವರ ತರಿಸಬೇಕು ಎಂದು ಕೊನೆಯ ಸಾಲು ಸೇರಿಸಿದಳು. ಬುಧವಾರದ ವರದಿಯನ್ನು ತಿದ್ದಿದ ಪ್ರತಿ ಇದು ಎಂದು ಮೇಲೆ ಹಾಕಿದಳು. ಸಮಿತಿಯ ಎಲ್ಲರಿಗೂ, ಪ್ರತಿ ಯಶವಂತ್‌ಭಾಯಿಗೆ.

ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು. ಅವಳಿಗೆ ಭಯವಾಯಿತು. ಅಮ್ಮ ಕಪಾಟು ಖಾಲಿ ಮಾಡಿಯಾಗಿದೆ. ಈ ಕೆಲಸ ಹೋದರೆ ಸನದು ಬಿಡಿಸಿಕೊಂಡು ಮತ್ತೆ ಯಾರದೋ ಫೈಲು ಹೊರಬೇಕು. ಒತ್ತಿದಳು.

ಗೌರಮ್ಮ ಒಲೆ ಒರೆಸಿ ಮತ್ತೆ ಚಹಾಕ್ಕೆ ಇಡುವಷ್ಟರಲ್ಲಿ ಫೋನು ಬಂತು. ಯಶವಂತ್‌ಭಾಯಿ ಕೂಗಾಡಲಿಲ್ಲ, ಅವರು ಕೂಗಾಡುವವರಲ್ಲ. ಬರೆದದ್ದರಲ್ಲಿ ತಪ್ಪಿಲ್ಲ, ಇದನ್ನು ಯಾರಿಂದಲೂ ಇನ್ನು ತೆಗೆಯಲಾಗದು ಎಂದರು. ಆದರೆ ಅಹಮದಾಬಾದಿನಲ್ಲಿ ನನ್ನ ಪಕ್ಕದಲ್ಲಿ ಕೂರುವವರು ಕಳಿಸುವ ಮುಂಚೆ ನನ್ನನ್ನು ಕೇಳುವವರಾಗಿರಬೇಕು ಬೇಟಾ, ನೀನು ಹಜೀರಾದಲ್ಲೇ ಇರು, ಎಂದರು.

"ಜೀ ಸರ್," ಎಂದಳು ನಿಕಿತಾ. ಇನ್ನೇನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಅವರು ಫೋನು ಇಟ್ಟಾಗಿತ್ತು.

"ಯಾರವ್ವಾ? ಏನಂದ್ರು?" ಎಂದಳು ಗೌರಮ್ಮ.

"ಬಾಸ್. ಅಹಮದಾಬಾದಿಗೆ ಟ್ರಾನ್ಸ್‌ಫರ್ ಆಗೋದಿತ್ತು. ಈಗ ಇಲ್ವಂತೆ. ಇಲ್ಲೇ ಇರ್ಬೇಕಂತೆ."

"ಹೌದಾ! ಹೋಗ್ತಿದ್ದೇನು ಮತ್ತ, ನಮಗ ಒಂದ್ ಮಾತು ಹೇಳ್ದೆ?" ಗೌರಮ್ಮನ ಮುಖ ಅರಳಿತು. "ಒಳ್ಳೇದಾತು ಬಿಡು. ನೀ ಹೋಗಿದ್ರ ಭಾನುವಾರ ನಾ ಯಾರಿಗೆ ರೊಟ್ಟಿ ಬಡೀಲಿ? ತಡಿ, ಬಾಯಿ ಸಿಹಿ ಮಾಡ್ತೀನಿ," ಎಂದು ಒಳಗೆ ಹೋದಳು.

ಹಾಲೇಶ ನಗಲಿಲ್ಲ. ಮುಚ್ಚಿದ ಲ್ಯಾಪ್‌ಟಾಪನ್ನು ನೋಡಿದ, ಅವಳನ್ನು ನೋಡಿದ. ಕಂಪನಿಯಲ್ಲಿ ಇಷ್ಟು ವರ್ಷ ದುಡಿದವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದ್ರ ಸಲುವಾಗೇನವ್ವಾ?" ಎಂದು ಮೆಲ್ಲಗೆ ಕೇಳಿದ.

"ಅಲ್ಲ ಅಣ್ಣಾ," ಎಂದಳು ನಿಕಿತಾ. ಅಳು ಬಂತು, ತಡೆಯಲಾಗಲಿಲ್ಲ.

ಸಕ್ಕರೆ ಡಬ್ಬಿ ಹಿಡಿದು ಬಂದ ಗೌರಮ್ಮ, ಹುಡುಗಿ ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡು, ಅವಳ ಗದ್ದ ಎತ್ತಿ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದಳು.